ಯಲ್ದೂರಿನ ಹುಳುಮನೆಗೆ ಒಂದು ಅಲಾರಂ

ಟೇಕಲ್
6 ನವೆಂಬರ್ 2025, ಗುರುವಾರ

ಪ್ರೀತಿಯ ತಂಗಿ ಧನಶ್ರೀಗೆ,

ನಿನ್ನ ಅಣ್ಣ ಭೀಮರಾಜನ ಆಶೀರ್ವಾದಗಳು. ಅಮ್ಮನ ಮಂಡಿನೋವು ಒಂದು ಬಿಟ್ಟರೆ ನಾವಿಲ್ಲಿ ಚೆನ್ನಾಗಿದ್ದೇವೆ. ಅಮ್ಮ ನಿನ್ನನ್ನೂ ಮಗು ಚಂದನಳನ್ನೂ ದಿನಕ್ಕೆ ಹತ್ತು ಸಲ ನೆನೆಸಿಕೊಳ್ಳುತ್ತಾಳೆ.

ಈ ಕಾಗದ ಯಾವಾಗಲೋ ಬರೆಯಬೇಕಿತ್ತು, ತಡವಾಯಿತು, ಕ್ಷಮಿಸು. ಇವತ್ತು ಕೂತಾಗಲೂ ಒಂದು ಹಾಳೆ ಹಾಳಾಯಿತು. ಪ್ರತಿ ವರ್ಷ ಗೌರಿ ಹಬ್ಬದ ಬಾಗಿನದ ಜೊತೆ ಚೀಟಿ ಬರೆಯುತ್ತಿದ್ದೆನಲ್ಲ, ಆ ಅಭ್ಯಾಸಕ್ಕೆ ಕೈ ತಾನಾಗಿಯೇ ಮೊದಲು ‘ಚಿ. ಸೌ.’ ಎಂದು ಬರೆದುಬಿಟ್ಟಿತು. ಹರಿದು ಹಾಕಿ ಬೇರೆ ಹಾಳೆ ತೆಗೆದುಕೊಂಡೆ. ನಿನ್ನ ಆಂಜಿ ಹೋಗಿ ಹನ್ನೊಂದು ತಿಂಗಳಾದರೂ ಕೈಗೆ ಇನ್ನೂ ಗೊತ್ತಾಗಿಲ್ಲ.

ಫೋನ್ ಇರುವಾಗ ಕಾಗದ ಯಾಕೆ ಎಂದು ನಿಮ್ಮ ಅತ್ತೆ ಕೇಳಬಹುದು. ಫೋನ್ ಮಾಡಿದರೆ ನೀನು ‘ಊಟ ಆಯ್ತು ಅಣ್ಣ, ನಿಂದಾಯ್ತಾ’ ಎಂದು ಕೇಳಿ, ನಾನು ಉತ್ತರ ಕೊಡುವ ಮೊದಲೇ ಚಂದನಳ ಕೈಗೆ ಕೊಟ್ಟುಬಿಡುತ್ತೀಯ. ನಾನು ಅವಳ ಹತ್ತಿರ ನಾಯಿಮರಿಯ ವಿಷಯ ಮಾತಾಡಿ ಇಟ್ಟುಬಿಡುತ್ತೇನೆ. ತಪ್ಪು ನಿನ್ನದಲ್ಲ. ನನಗೂ ಅದೇ ಅನುಕೂಲವಾಗಿತ್ತು.

ಮಾವ ಒಂದು ಡಬ್ಬಿ ತಂದುಕೊಟ್ಟಿರಬೇಕು. ಅದು ಅವರ ಕೈಗೆ ಹೇಗೆ ಬಂತೆಂದು ಹೇಳಿದರೋ ಇಲ್ಲವೋ. ಹೋದ ಭಾನುವಾರ ಅದನ್ನು ಹಿಡಿದುಕೊಂಡು ನಾನೇ ನಿಮ್ಮೂರಿಗೆ ಹೊರಟಿದ್ದೆ. ಕೋಲಾರದಲ್ಲಿ ಬಸ್ಸು ಬದಲಾಯಿಸಿ ಶ್ರೀನಿವಾಸಪುರದವರೆಗೆ ಬಂದೆ. ಬಸ್ ಸ್ಟ್ಯಾಂಡಿನಲ್ಲಿ ಯಲ್ದೂರಿನ ಬಸ್ಸು ನಿಂತಿತ್ತು. ಹತ್ತಲಿಲ್ಲ. ಟೀ ಕುಡಿದು ಹೋಗೋಣ ಎಂದುಕೊಂಡೆ. ಇನ್ನೊಂದು ಬಸ್ಸೂ ಹೋಯಿತು. ಕಲ್ಲುಬೆಂಚಿನ ಮೇಲೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಾಗ, ಹುಳುಮನೆ ತೊಳೆಯಲು ಬ್ಲೀಚಿಂಗ್ ಪೌಡರ್ ಕೊಳ್ಳಲು ಬಂದಿದ್ದ ನಿಮ್ಮ ಮಾವ ನನ್ನನ್ನು ನೋಡಿದರು. ನನ್ನ ಪಕ್ಕದಲ್ಲೇ ಕೂತರು. ಬಹಳ ಸೊರಗಿದ್ದಾರೆ, ಧನಾ. ಅಂಗಿ ಅವರದ್ದಲ್ಲ, ಯಾರದ್ದೋ ಎನ್ನುವ ಹಾಗೆ ಜೋತುಬಿದ್ದಿತ್ತು.

ಮತ್ತೆ ರೇಷ್ಮೆ ಹುಳು ಮೇಯಿಸುತ್ತೇವೆ, ಚಾಕಿ ಮರಿಹುಳುವಿಗೆ ಹೇಳಿಬಿಟ್ಟಿದ್ದೇನೆ, ಇನ್ನು ಹದಿನೈದು ದಿನಕ್ಕೆ ಬರುತ್ತದೆ ಅಂದರು. ತೋಟದ ತುಂಬ ಹಿಪ್ಪುನೇರಳೆ ಸೊಪ್ಪು ಬಲಿತು ನಿಂತಿದೆ, ಒಂದು ವರ್ಷ ಕುರಿಯವರಿಗೆ ಬಿಟ್ಟಾಯಿತು, ಇನ್ನು ಆಗುವುದಿಲ್ಲ ಅಂದರು. ಚಳಿಗೆ ಕರೆಂಟ್ ಹೀಟರ್ ಇಡಿ ಎಂದೆ. ಇಟ್ಟಿದ್ದೇವೆ, ಆದರೆ ಕರೆಂಟ್ ಹೋದಾಗ ಇದ್ದಿಲೇ ಗತಿ ಅಂದರು. ಹುಳುಮನೆಯಲ್ಲಿ ಮಲಗುವವರು ಯಾರು ಎಂದು ಕೇಳಿದೆ. ನೀನು ಮತ್ತು ಮಗು ಎಂದರು.

ಆಮೇಲೆ ಇನ್ನೊಂದು ಮಾತು ಹೇಳಿದರು.

“ನಾಯನಾ, ಆ ಹುಡುಗಿ ಒಲೆ ಮುಂದೆ ಕೂರ್ತಿಲ್ಲ. ಬೆಂಕಿ ಹಚ್ಚೋದು ನಾನೇ. ಮೊನ್ನೆ ನನ್ನ ಕಾಲು ಹಿಡ್ಕಂಡು ‘ನಾನೇ ಕೊಂದೆ ಮಾವ, ಎರಡು ಬೊಗಸೆ ಇದ್ದಿಲು ನಾನೇ ಹಾಕ್ದೆ’ ಅಂದ್ಳು. ನಿಮ್ಮತ್ತೆ ಅಂದ ಮಾತು ಅವಳ ಎದೆಯಿಂದ ಹೋಗ್ತಿಲ್ಲ. ನೀನು ಓದ್ದೋನು, ಒಂದು ಮಾತು ಹೇಳಪ್ಪ.”

ಡಬ್ಬಿಯನ್ನು ಅವರ ಕೈಗೆ ಕೊಟ್ಟೆ. ಹಾಕುವುದು ಹೇಗೆಂದು ಕಾಗದದಲ್ಲಿ ಬರೆದು ಕಳಿಸುತ್ತೇನೆ ಎಂದೆ. ಅವರು ಬಾ ಎಂದು ಕರೆದರು. ಶಿಫ್ಟ್ ಇದೆ ಎಂದು ಸುಳ್ಳು ಹೇಳಿ ಕೋಲಾರದ ಬಸ್ಸು ಹತ್ತಿದೆ.

ಈಗ ಡಬ್ಬಿಯ ವಿಷಯ. ಒಳಗಿರುವ ಹಾಳೆ ಇಂಗ್ಲಿಷಿನಲ್ಲಿದೆ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ, ನಿಧಾನವಾಗಿ ಓದಿಕೋ. ಇದು ಕಾರ್ಬನ್ ಮೊನಾಕ್ಸೈಡ್ ಎನ್ನುವ ಗ್ಯಾಸನ್ನು ಕಂಡುಹಿಡಿದು ಕೂಗುವ ಅಲಾರಂ. ಇದ್ದಿಲು, ಸೌದೆ, ಗ್ಯಾಸು, ಏನೇ ಆಗಲಿ ಸರಿಯಾಗಿ ಗಾಳಿಯಾಡದ ಜಾಗದಲ್ಲಿ ಉರಿದರೆ ಆ ಗ್ಯಾಸು ಹುಟ್ಟುತ್ತದೆ. ಅದಕ್ಕೆ ವಾಸನೆಯಿಲ್ಲ, ಬಣ್ಣವಿಲ್ಲ, ಕಣ್ಣು ಉರಿಯುವುದಿಲ್ಲ, ಕೆಮ್ಮು ಬರುವುದಿಲ್ಲ. ಹೊಗೆ ಪೂರ್ತಿ ಹೋಗಿ ಕೆಂಡ ಕೆಂಪಗೆ ನಿಗಿನಿಗಿ ಎನ್ನುವಾಗಲೂ ಬರುತ್ತಲೇ ಇರುತ್ತದೆ. ಹೊಗೆ ಇಲ್ಲವಲ್ಲ, ಇನ್ನೇನು ಭಯ ಎಂದು ನಮ್ಮವರೆಲ್ಲ ಅಂದುಕೊಳ್ಳುವುದು ಅಲ್ಲೇ.

ಹಿಂದುಗಡೆ ಮುಚ್ಚಳ ತೆಗೆದು ಗೋಡೆ ಗಡಿಯಾರಕ್ಕೆ ಹಾಕುವಂಥ ಸೆಲ್ಲು ಎರಡು ಹಾಕು. ಗೋಡೆಗೆ ಎರಡು ಸ್ಕ್ರೂ ಹೊಡೆಸಬೇಕು. ಸೂರಿಗೆ ನೇತುಹಾಕಬೇಡಿ, ನೀನೂ ಮಗುವೂ ಮಲಗುವ ಮಂಚದ ಹತ್ತಿರ, ಮಲಗಿದವರ ತಲೆಯ ಎತ್ತರಕ್ಕಿಂತ ಸ್ವಲ್ಪ ಮೇಲೆ ಇರಲಿ. ಕೆಂಡದ ಬಾಂಡ್ಲಿಯ ಪಕ್ಕದಲ್ಲೇ ಬೇಡ, ಕಿಟಕಿಯ ಗಾಳಿ ನೇರ ಬಡಿಯುವ ಕಡೆಯೂ ಬೇಡ. ಪರದೆ, ಗೋಣಿಚೀಲ ಏನೂ ಅದರ ಮುಂದೆ ಬರಬಾರದು. ನಡುವೆ ಇರುವ ಗುಂಡಿ ಒತ್ತಿದರೆ ಜೋರಾಗಿ ಕೂಗುತ್ತದೆ, ಅದು ಪರೀಕ್ಷೆ. ವಾರಕ್ಕೊಂದು ಸಲ, ಸೋಮವಾರ ಎಂದಿಟ್ಟುಕೋ, ಒತ್ತಿ ನೋಡು. ನಿಮಿಷಕ್ಕೊಮ್ಮೆ ಸಣ್ಣಗೆ ‘ಚಿಕ್’ ಎಂದರೆ ಸೆಲ್ಲು ಮುಗಿಯಿತೆಂದು ಅರ್ಥ. ನಾಲ್ಕು ಸಲ ಒಟ್ಟಿಗೆ ಕೂಗಿ, ಸ್ವಲ್ಪ ಬಿಟ್ಟು, ಮತ್ತೆ ನಾಲ್ಕು ಸಲ ಕೂಗಿದರೆ ಗ್ಯಾಸು ಬಂದಿದೆ. ಆಗ ಏನು ಯಾಕೆ ಎಂದು ನೋಡುತ್ತ ನಿಲ್ಲಬೇಡ. ಚಂದನಳನ್ನು ಎತ್ತಿಕೊಂಡು ಬಾಗಿಲು ತೆರೆದಿಟ್ಟು ಹೊರಗೆ ಬಾ. ಹುಳು ಸತ್ತರೆ ಸಾಯಲಿ, ವಾಪಸ್ಸು ಒಳಗೆ ಹೋಗಬೇಡ. ತಲೆನೋವು, ವಾಕರಿಕೆ ಬಂದರೆ ಆಸ್ಪತ್ರೆಗೆ ಹೋಗಿ.

ಹುಳುಮನೆಗೆ ಔಷಧಿ ಹೊಡೆಯುವ ದಿನ ಅಲಾರಂ ಬಿಚ್ಚಿ ಮನೆಯೊಳಗೆ ಇಡು, ಆ ಘಾಟಿಗೆ ಕೆಡುತ್ತದೆ. ಮತ್ತೆ ಹಾಕುವುದನ್ನು ಮಾತ್ರ ಮರೆಯಬೇಡ. ಏಳು ವರ್ಷ ಬಾಳಿಕೆಯಂತೆ. ಹಿಂದೆ ತಾರೀಖು ಬರೆದಿದ್ದೇನೆ. ಅಷ್ಟರಲ್ಲಿ ಚಂದನ ಆರನೇ ಕ್ಲಾಸಿನಲ್ಲಿರುತ್ತಾಳೆ.

ಇನ್ನೊಂದು ಮಾತು. ಈ ಡಬ್ಬಿ ಗ್ಯಾಸನ್ನು ಓಡಿಸುವುದಿಲ್ಲ, ಬಂದಿದೆ ಎಂದು ಹೇಳುತ್ತದೆ ಅಷ್ಟೇ. ಅದು ಇದೆಯೆಂಬ ಧೈರ್ಯದಲ್ಲಿ ಕಿಟಕಿ ಮುಚ್ಚಬೇಡಿ. ಮೇಲಿನ ಎರಡು ಕಿಟಕಿ ಯಾವಾಗಲೂ ತೆರೆದಿರಲಿ. ಬಾಂಡ್ಲಿ ಒಳಗಿರುವ ಹೊತ್ತು ಅಲ್ಲಿ ಯಾರೂ ಮಲಗಬಾರದು, ಮಗುವಂತೂ ಬೇಡವೇ ಬೇಡ. ಮಾವನಿಗೂ ಹೇಳಿದ್ದೇನೆ.

ಇಲ್ಲಿ ನಮ್ಮ ಮನೆಗೂ ಒಂದು ತಂದು ಹಾಕಿದೆ. ಅಮ್ಮ ಬಚ್ಚಲ ಒಲೆಗೆ ಸೌದೆ ಒಟ್ಟಿ ಬಾಗಿಲು ಹಾಕಿಕೊಳ್ಳುತ್ತಾಳಲ್ಲ, ಅದಕ್ಕೆ. ಗುಂಡಿ ಒತ್ತಿ ತೋರಿಸಿದಾಗ ಬೆಚ್ಚಿಬಿದ್ದಳು. ಆಮೇಲೆ ಬಹಳ ಹೊತ್ತು ಅದನ್ನೇ ನೋಡುತ್ತಿದ್ದು, “ಇಂಥದ್ದು ಅಂತ ಒಂದು ಐತೆ ಅಂತ ನಿಂಗೆ ಮೊದ್ಲೇ ಗೊತ್ತಿತ್ತೇನೋ?” ಎಂದು ಕೇಳಿದಳು. ಫ್ಯಾಕ್ಟರಿಗೆ ಹೊತ್ತಾಯಿತು ಎಂದು ಎದ್ದುಬಂದೆ.

ಧನಾ, ಈಗ ಆ ದಿನದ ಮಾತಿಗೆ ಬರುತ್ತೇನೆ. ನಿನಗೆ ಗೊತ್ತಿರುವುದೇ, ಆದರೂ ಒಂದು ಸಲ ನಾನು ಹೇಳುವ ಹಾಗೆ ಕೇಳು. ಸೈಕ್ಲೋನ್ ಮಳೆ ಮೂರು ದಿನದಿಂದ ಜಿನುಗುತ್ತಿತ್ತು. ಹುಳು ಪೊರೆ ಬಿಡುವ ಕೊನೇ ಜ್ವರಕ್ಕೆ ಕೂತಿದ್ದವು, ಥಂಡಿ ತಾಗಿದರೆ ಜ್ವರದಿಂದ ಏಳುವುದಿಲ್ಲ ಎಂದು ಎಲ್ಲರಿಗೂ ಆತಂಕ. ಕಿಟಕಿಗಳಿಗೆ ಪ್ಲಾಸ್ಟಿಕ್ ಹಾಳೆ ಹೊಡೆದವನು ಆಂಜಿ. ಇದ್ದಿಲು ಮೂಟೆ ತಂದವರು ಮಾವ. ಬಾಂಡ್ಲಿಯನ್ನು ಒಳಗಿಡಲು ಹೇಳಿದವರು ಅತ್ತೆ. ಮಧ್ಯಾಹ್ನ ಊಟ ಮಾಡಿ ಆಂಜಿ ಹುಳುಮನೆಯಲ್ಲೇ ಸ್ವಲ್ಪ ಹೊತ್ತು ಅಡ್ಡಾಗುತ್ತೇನೆ ಎಂದು ಮಲಗಿದ. ನೀನು ಎರಡು ಬೊಗಸೆ ಇದ್ದಿಲು ಹಾಕಿ, ಶಾಖ ಹೋಗದಿರಲೆಂದು ಬಾಗಿಲು ಮುಂದಕ್ಕೆ ಮಾಡಿ, ಸೊಪ್ಪಿನ ಕೆಲಸಕ್ಕೆ ಹೋದೆ. ಆ ಮನೆಯಲ್ಲಿ ಯಾರಿದ್ದರೂ ಅದನ್ನೇ ಮಾಡುತ್ತಿದ್ದರು. ನಾಲ್ಕು ಗಂಟೆಗೆ ಬಂದು ನೀನು ಅವನನ್ನು ಅಲ್ಲಾಡಿಸಿ ಎಬ್ಬಿಸಲು ಹೋಗಿ, ನೀನೂ ಅಲ್ಲೇ ಕುಸಿದೆ. ಮಾವ ಬಂದು ನಿನ್ನನ್ನು ಎಳೆದು ಹಾಕದಿದ್ದರೆ ಚಂದನಳಿಗೆ ಇವತ್ತು ಇಬ್ಬರೂ ಇರುತ್ತಿರಲಿಲ್ಲ.

ಕೋಲಾರದ ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದು ನೆನಪಿದೆ. ನಿದ್ದೆಯಲ್ಲಿದ್ದವರಿಗೆ ಏನೂ ಗೊತ್ತಾಗುವುದಿಲ್ಲ, ರಕ್ತಕ್ಕೆ ಸೇರಿಬಿಡುತ್ತದೆ, ಅವರು ನರಳಿಲ್ಲ ಅಂದರು. ಅದು ಸಮಾಧಾನಕ್ಕೆ ಹೇಳಿದ್ದಿರಬಹುದು. ಆದರೂ ನಿನಗೆ ಹೇಳಬೇಕಿತ್ತು, ಹೇಳಿರಲಿಲ್ಲ.

ಮಣ್ಣು ಮಾಡಿ ಬಂದ ಮೇಲೆ ಅಂಗಳದಲ್ಲಿ ಎಲ್ಲರೂ ಕೂತಿದ್ದಾಗ ಅತ್ತೆ ನಿನ್ನ ಕಡೆ ಕೈ ತೋರಿಸಿ, “ಇವಳ ಕೈಯಿಂದ್ಲೇ ಹೋಯ್ತು ನನ್ನ ಮಗನ ಜೀವ. ಇವಳೇ ಕೆಂಡ ಹಾಕಿ ಬಾಗ್ಲು ಹಾಕಿದ್ದು” ಅಂದರು. ಹೆತ್ತ ಹೊಟ್ಟೆ, ಏನೋ ಅಂದರು ಎಂದುಕೊಳ್ಳೋಣ. ಆದರೆ ನೀನು ಆಗ ತಲೆ ಎತ್ತಿ ಬೇರೆ ಯಾರನ್ನೂ ನೋಡಲಿಲ್ಲ, ನನ್ನನ್ನು ನೋಡಿದೆ. ಅಣ್ಣ ಏನಾದರೂ ಹೇಳುತ್ತಾನೆ ಎಂದು ನೋಡಿದೆ. ನಾನು ನೆಲ ನೋಡಿದೆ. ಅವತ್ತಿನಿಂದ ನೀನು ನನ್ನ ಹತ್ತಿರ ಸರಿಯಾಗಿ ಮಾತಾಡಿಲ್ಲ. ಅದರಲ್ಲಿ ನ್ಯಾಯವಿದೆ.

ಮುಂದಿನ ತಿಂಗಳು ವರ್ಷದ ತಿಥಿ. ಏನೇನು ತರಬೇಕೆಂದು ಮಾವನನ್ನು ಕೇಳಿ ಹೇಳಿಸು. ಅಮ್ಮ ಚಂದನಳಿಗೆ ಹಳದಿ ಸ್ವೆಟರ್ ತೆಗೆದಿಟ್ಟಿದ್ದಾಳೆ, ಅವಳಿಗೆ ಸ್ವಲ್ಪ ದೊಡ್ಡದಾಗಬಹುದು. ಹೊತ್ತು ಹೊತ್ತಿಗೆ ಊಟ ಮಾಡು. ನಿನಗೂ ಮಗುವಿಗೂ ಆಯಸ್ಸು ಆರೋಗ್ಯ ಕೊಟ್ಟು ದೇವರು ಕಾಪಾಡಲಿ. ಅತ್ತೆ ಮಾವನಿಗೆ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ ಅಣ್ಣ,
ಭೀಮರಾಜ್

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಆಗಲಿಲ್ಲ. ಸಹಿ ಹಾಕಿ, ಲಕೋಟೆಗೆ ಹಾಕಿ, ಮತ್ತೆ ಹೊರಗೆ ತೆಗೆದಿದ್ದೇನೆ.

ಆಂಜಿ ಹೋಗುವುದಕ್ಕೆ ಎರಡು ದಿನ ಮೊದಲು ನಾನು ನಿಮ್ಮ ಮನೆಗೆ ಬಂದಿದ್ದೆನಲ್ಲ, ರಾತ್ರಿ ಪಾಳಿ ಮುಗಿಸಿ ಮಾಲೂರಿನಿಂದ ನೇರವಾಗಿ. ನೀನು ಆಗ ತೋಟದಲ್ಲಿದ್ದೆ. ನಮ್ಮ ಫ್ಯಾಕ್ಟರಿಯಲ್ಲಿ ಕುಲುಮೆ ಹತ್ತಿರ ಕೆಲಸ ಮಾಡುವವರಿಗೆಲ್ಲ ಜೇಬಿಗೆ ಸಿಕ್ಕಿಸಿಕೊಳ್ಳುವ ಸಣ್ಣ ಮೀಟರ್ ಕೊಟ್ಟಿರುತ್ತಾರೆ. ಇದೇ ಗ್ಯಾಸು ಬಂದರೆ ಅದು ಕೂಗುತ್ತದೆ, ಕೂಗಿದರೆ ನಾವೆಲ್ಲ ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಗೆ ಓಡಬೇಕು. ಅವತ್ತು ಅದನ್ನು ವಾಪಸ್ಸು ಕೊಡದೆ ಅಂಗಿಯಲ್ಲೇ ಮರೆತು ಬಂದಿದ್ದೆ. ಆಂಜಿ ಹುಳು ತೋರಿಸಲು ಒಳಗೆ ಕರೆದುಕೊಂಡು ಹೋದ. ಬಾಂಡ್ಲಿಯಲ್ಲಿ ಕೆಂಡವಿತ್ತು. ಐದು ನಿಮಿಷವಾಗಿರಬೇಕು, ಮೀಟರ್ ಕೂಗಿತು.

ಆಂಜಿ ನಕ್ಕು, “ಏನ್ ಬಾವ, ಫ್ಯಾಕ್ಟರೀನ ಜೇಬಲ್ಲೇ ಇಟ್ಕಂಡ್ ಬಂದಿದೀರ” ಅಂದ. ಅತ್ತೆ ಬಾಗಿಲಿನಿಂದ, ಹುಳು ಜ್ವರಕ್ಕೆ ಕೂರುವ ಹೊತ್ತು, ಸದ್ದು ಮಾಡಬೇಡಿ ಎಂದರು. ನಾನು ಸಂಖ್ಯೆ ನೋಡಿದೆ. ಅರವತ್ತು ದಾಟಿತ್ತು, ನಮ್ಮಲ್ಲಿ ಮೂವತ್ತೈದಕ್ಕೇ ಹೊರಗೆ ಓಡಬೇಕು. ಅದರ ಅರ್ಥ ನನಗೆ ಗೊತ್ತಿತ್ತು, ಧನಾ. ಅದನ್ನು ಹೊಸಬರಿಗೆ ಹೇಳಿಕೊಡುವವನೇ ನಾನು. ಹೇಳಲು ಬಾಯಿ ತೆರೆದೆ ಕೂಡ. ಆದರೆ ಹೆಣ್ಣು ಕೊಟ್ಟ ಮನೆಗೆ ಹೋಗಿ ಅವರ ಹುಳುಮನೆ ಸರಿಯಿಲ್ಲ ಎಂದರೆ ಆಮೇಲೆ ಅತ್ತೆ ನಿನ್ನ ಮೇಲೆ ತೀರಿಸಿಕೊಳ್ಳುತ್ತಾರೆ ಎಂದುಕೊಂಡೆ. ಬಾಗಿಲು ತೆರೆದೇ ಇದೆಯಲ್ಲ ಎಂದೂ ಅಂದುಕೊಂಡೆ. ಗುಂಡಿ ಒತ್ತಿ ಮೀಟರ್ ಆಫ್ ಮಾಡಿದೆ. ನೀನು ಬಂದ ಮೇಲೆ ಊಟ ಮಾಡಿ, ತಲೆನೋವೆಂದು ಮಾತ್ರೆ ಕೇಳಿ ತೆಗೆದುಕೊಂಡು ಹೋದೆ. ಆ ತಲೆನೋವು ಯಾಕೆ ಬಂತೆಂದೂ ನನಗೆ ಗೊತ್ತಿತ್ತು.

ನಿನಗೆ ಗೊತ್ತಿರಲಿಲ್ಲ. ಅತ್ತೆಗೆ, ಮಾವನಿಗೆ, ಆಂಜಿಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿದ್ದವನು ನಾನೊಬ್ಬನೇ. ಅಂಗಳದಲ್ಲಿ ಅತ್ತೆ ನಿನ್ನ ಕಡೆ ಕೈ ತೋರಿಸಿದಾಗಲೂ ಇದನ್ನು ಹೇಳದೆ ಕೂತೆ.

ಈ ಕಾಗದವನ್ನು ಅತ್ತೆ ಮಾವನನ್ನು ಕೂರಿಸಿಕೊಂಡು ಅವರ ಮುಂದೆ ಓದು. ಈ ಕೊನೆಯ ಭಾಗವನ್ನು ಬಿಡಬೇಡ, ನನ್ನ ಮಾನ ಕಾಯಬೇಡ. ತಿಥಿಯ ದಿನ ಬೆಳಿಗ್ಗೆ ಮೊದಲ ಬಸ್ಸಿಗೆ ಬರುತ್ತೇನೆ. ಒಳಗೆ ಕರೆಯಲು ನಿಮಗೆ ಮನಸ್ಸಾಗದಿದ್ದರೆ ಅಂಗಳದಲ್ಲೇ ನಿಂತು ಆಂಜಿಗೆ ಕೈಮುಗಿದು ಹೋಗುತ್ತೇನೆ. ಆದರೆ ಅಲಾರಂ ಮಾತ್ರ ಚಾಕಿ ಬರುವ ಮೊದಲೇ ಗೋಡೆಗೆ ಹಾಕಿಸು, ತಾಯಿ.