ನಲವತ್ತೊಂದನೇ ಪುಟದ ಕೊನೆಯ ಸಾಲು

ಕಚೇರಿಯ ಕ್ಯಾಂಟೀನು
ಮಂಗಳವಾರ, ಜುಲೈ ೯, ಮಧ್ಯಾಹ್ನ ಒಂದೂವರೆ

ಪ್ರೀತಿಯ ಅಣ್ಣಾ,

ಸೊಂಟನೋವು ಹೇಗಿದೆ? ಬೆಲ್ಟು ಕಟ್ಟಿಕೊಳ್ಳುತ್ತಿದ್ದೀಯೋ, ಅದಿನ್ನೂ ಮೊಳೆಯಲ್ಲೇ ನೇತಾಡುತ್ತಿದೆಯೋ? ಅಮ್ಮ ಆರಾಮಾಗಿದ್ದಾಳೆ. ನಿಮ್ಮ ದ್ವೀಪದ ಟವರ್ ಬಿದ್ದು ಹತ್ತು ದಿನವಾಯಿತು, ದಿನಕ್ಕೆ ಮೂರು ಸಲ ನಿನ್ನ ನಂಬರ್ ಒತ್ತಿ ಫೋನಿಗೆ ಬೈಯುತ್ತಾಳೆ. ಈಗ ಉಳಿದಿರುವುದು ವಾರಕ್ಕೊಮ್ಮೆ ಸಾಮಾನು ತರುವ ಲಾಂಚು ಒಂದೇ. ಇವತ್ತು ಮೂರು ಗಂಟೆಗೆ ಹೊರಟರೆ ಗುರುವಾರ ಬೆಳಗ್ಗೆ ನಿಮ್ಮಲ್ಲಿಗೆ ಮುಟ್ಟುತ್ತದಂತೆ.

ನಿನ್ನ ಹತ್ತಿರ ಒಂದು ತಪ್ಪು ಒಪ್ಪಿಕೊಳ್ಳಬೇಕು. ಯಂತ್ರಗಳ ಕೈಪಿಡಿಯಲ್ಲಿ ಉದ್ದದ ಸಾಲುಗಳು ಅಂಚಿಗೆ ಓಡಿ ಅರ್ಧಕ್ಕೇ ಕತ್ತರಿಸಿಹೋಗುತ್ತವೆ ಅಂತ ಹೋದ ವರ್ಷ ಗೊಣಗಿದ್ದೆಯಲ್ಲ? ಕೈಪಿಡಿಯ ಪುಟ ಜೋಡಿಸುವ ಕಂಪ್ಯೂಟರ್ ಪ್ರೋಗ್ರಾಮು ನನ್ನ ಕೈಯಲ್ಲೇ ಇರುವಾಗ ಅಣ್ಣನಿಗೆ ಇಷ್ಟೂ ಮಾಡದಿದ್ದರೆ ಹೇಗೆ ಅಂತ, ಉದ್ದದ ಸಾಲನ್ನು ಮಡಚಿ ಎರಡು ಮಾಡುವ ಹಾಗೆ ತಿದ್ದಿದೆ. ಸಾಲು ಎಣಿಸುವ ಭಾಗವನ್ನು ಮಾತ್ರ ಮುಟ್ಟಲಿಲ್ಲ. ಪುಟಕ್ಕೆ ನಲವತ್ತೇ ಸಾಲು. ಮಡಚಿದ ಸಾಲು ಎರಡರ ಜಾಗ ತಿನ್ನುತ್ತದೆ, ಲೆಕ್ಕಕ್ಕೆ ಒಂದೇ. ಹೆಚ್ಚಾದದ್ದು ಪುಟದ ಬುಡದಲ್ಲಿ ಸದ್ದಿಲ್ಲದೆ ಬಿದ್ದುಹೋಗುತ್ತದೆ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ್ದೇನೆ.

ನಿನ್ನೆ ಸರಿಪಡಿಸಿದೆ. ಮೊದಲು ಮಡಚು, ಆಮೇಲೆ ಎಣಿಸು, ಅಷ್ಟೇ ಇದ್ದದ್ದು. ಆದರೆ ಅಚ್ಚಾಗಿ ಹೊರಗೆ ಹೋದ ಪುಸ್ತಕಗಳನ್ನು ಯಾರು ಸರಿಪಡಿಸಬೇಕು? ಬೆಳಗ್ಗಿನಿಂದ ಹಳೆಯದನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ನೋಡುತ್ತಿದ್ದೇನೆ. ಆರು ಪುಸ್ತಕ ಮುಗಿಯಿತು, ಮೂವತ್ತೇಳು ಸಾಲು ಕಾಣೆ. ಹೆಚ್ಚಿನವು ಎಣ್ಣೆ ಬಿಡಿ, ಬಟ್ಟೆಯಿಂದ ಒರೆಸಿ ಅನ್ನುವಂಥವು. ಎಲ್ಲವೂ ಹಾಗಿಲ್ಲ. ಸಾಹೇಬರಿಗೆ ಹೇಳಿದರೆ, "ಒಂದು ವರ್ಷದಿಂದ ಯಾರೂ ದೂರು ಕೊಟ್ಟಿಲ್ಲ, ನೀವ್ಯಾಕಮ್ಮ ಗಾಬರಿ ಹಬ್ಬಿಸ್ತೀರಿ?" ಅಂದರು. ಮುಂದಿನ ಮುದ್ರಣದಲ್ಲಿ ತಾನಾಗಿ ಸರಿಹೋಗುತ್ತದಂತೆ. ಇಲ್ಲದ ಸಾಲಿನ ಬಗ್ಗೆ ಯಾರು ದೂರು ಕೊಡುತ್ತಾರೆ, ನೀನೇ ಹೇಳು.

ನಿನ್ನ ಬಾಯ್ಲರಿನ ಪುಸ್ತಕವೂ ನಾನು ತಿದ್ದಿದ ಮೇಲೆ ಅಚ್ಚಾದದ್ದೇ, ಅದನ್ನಿನ್ನೂ ನೋಡಿಲ್ಲ. ಅದರ ಮೂಲ ಹಳೆಯ ಕಂಪ್ಯೂಟರಿನಲ್ಲಿದೆ, ಆ ಕೋಣೆಯ ಕೀಲಿ ಇಟ್ಟುಕೊಂಡವರು ಊಟಕ್ಕೆ ಹೋಗಿದ್ದಾರೆ. ಗುರುವಾರ ಬೆಳಗ್ಗೆ ಬಾಯ್ಲರ್ ಬಿಚ್ಚುತ್ತೇವೆ ಅಂತ ನೀನು ಬರೆದದ್ದು ತಲೆಯಲ್ಲಿ ಕೊರೆಯುತ್ತಿದೆ. ಬೇರೆಯವರಾದರೆ ಪುಸ್ತಕವನ್ನು ಮೂಲೆಗೆಸೆದು ಅಂದಾಜಿನ ಮೇಲೆ ಕೆಲಸ ಮಾಡುತ್ತಾರೆ. ನೀನು ಅದರಲ್ಲಿದ್ದಷ್ಟನ್ನೇ, ಇದ್ದ ಹಾಗೆಯೇ ಮಾಡುವವನು. ಇಷ್ಟು ದಿನ ಅದಕ್ಕೇ ನಿನ್ನನ್ನು ಆಡಿಕೊಳ್ಳುತ್ತಿದ್ದೆ, ಈಗ ಅದಕ್ಕೇ ನನಗೆ ಭಯವಾಗುತ್ತಿದೆ.

ಅಮ್ಮನ ಆಶೀರ್ವಾದ ಎಂದಿನಂತೆ ನಿನಗೇ ಜಾಸ್ತಿ, ನನಗೆ ಉಳಿದದ್ದು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಲೆಹರಟೆ ತಂಗಿ

ತಾ.ಕ.: ಎರಡೂಮುಕ್ಕಾಲು. ಕೀಲಿ ಸಿಕ್ಕಿತು. ನಲವತ್ತೊಂದನೇ ಪುಟ ನೋಡು. ನಿನ್ನ ಪ್ರತಿಯಲ್ಲಿ "ಒತ್ತಡದ ಮುಳ್ಳು ಸೊನ್ನೆಗೆ ಇಳಿಯುವವರೆಗೆ ಕಾಯಿರಿ" ಅಂತ ಪುಟ ಮುಗಿಯುತ್ತದೆ. ಮುಂದಿನ ಪುಟ ಶುರುವಾಗುವುದೇ "ಮುಚ್ಚಳದ ಬೋಲ್ಟು ಬಿಚ್ಚಿ" ಅಂತ. ನಡುವೆ ಇನ್ನೊಂದು ಸಾಲಿತ್ತು: "ಮುಳ್ಳು ಸೊನ್ನೆ ತೋರಿಸಿದರೂ ಒಳಗೆ ಹಬೆ ಉಳಿದಿರುತ್ತದೆ, ಮೊದಲು ಹಿಂಬದಿಯ ಚಿಕ್ಕ ವಾಲ್ವು ತೆರೆಯಿರಿ." ಇದನ್ನು ಲಕೋಟೆಯ ಮೇಲೂ ಕೆಂಪು ಶಾಯಿಯಲ್ಲಿ ದಪ್ಪಗೆ ಬರೆದಿದ್ದೇನೆ. ಕೆಲಸ ಮುಗಿಸಿ ಕೈ ತೊಳೆಯುವ ತನಕ ಮನೆಯ ಪತ್ರ ನೀನು ಒಡೆಯುವುದಿಲ್ಲವಲ್ಲ, ಅದಕ್ಕೆ.