ಹಲಗೆ ನಿಮ್ಮದೇ ಇರಲಿ, ಮಾಳಿಂಗರಾಯರನ್ನು ಕೊಡಿ

ಪ್ರದರ್ಶನದ ಉಸ್ತುವಾರಿ ಹೊತ್ತಿದ್ದ ಮಾನ್ಯ ಅಧಿಕಾರಿಗಳೇ,

ಒಬ್ಬ ಮುದುಕಿಯ ಗಂಡನನ್ನು ತಾವು ಪ್ಲೈವುಡ್ ಹಲಗೆಗೆ ಅಂಟಿಸಿಟ್ಟುಕೊಂಡಿದ್ದೀರಿ. ಒಂದು ವರ್ಷ ದಾಟಿತು. ಅರ್ಜಿ ಕೊಟ್ಟು ಕೊಟ್ಟು ಸಾಕಾಗಿ ಈಗ ಊರಿನ ಎದುರಿಗೇ ಹೇಳುತ್ತಿದ್ದೇನೆ.

ಮಸ್ಕಿ, ಸಿಂಧನೂರು ಸೀಮೆಯ ಹಳೆಯ ಫೋಟೋಗಳನ್ನು ಹುಡುಕಿ, ಅವುಗಳ ಕಥೆ ಬರೆದು ಫೋನಿನ ಗುಂಪಿನಲ್ಲಿ ಹಂಚುವುದು ನಿವೃತ್ತನಾದ ಮೇಲೆ ನನಗೆ ಹತ್ತಿದ ಹುಚ್ಚು. ಅದನ್ನು ನೋಡಿಯೇ ತಾವು ಕರೆಸಿ, ಚಹಾ ಕುಡಿಸಿ, ಸ್ವಾತಂತ್ರ್ಯೋತ್ಸವದ ಪ್ರದರ್ಶನಕ್ಕೆ ಮೂಲ ಫೋಟೋಗಳೇ ಬೇಕೆಂದಿರಿ. ಎಂಟು ದಿನದಲ್ಲಿ ಮರಳಿಸುವ ಮಾತು ಕೊಟ್ಟಿರಿ. ನಂಬಿದೆ. ಮನೆಮನೆ ಅಲೆದು ನಲವತ್ತು ಫೋಟೋ ತಂದು, ಒಂದೊಂದರ ಬೆನ್ನಿಗೂ ಅದರಲ್ಲಿರುವವರ ಹೆಸರನ್ನು ಪೆನ್ಸಿಲಿನಲ್ಲಿ ಬರೆದೆ.

ಅವುಗಳಲ್ಲಿ ಒಂದು ನಮ್ಮ ಓಣಿಯ ಗದ್ದೆಮ್ಮನವರದು. ಕಾಲುವೆ ತೋಡುವಾಗ ಯಾರೋ ಎಂಜಿನಿಯರ್ ತೆಗೆದದ್ದು. ಬುಟ್ಟಿ ಹೊತ್ತ ಆರು ಜನರ ನಡುವೆ ಅವರ ಗಂಡ ಮಾಳಿಂಗರಾಯರು. ಅವರ ಇನ್ನೊಂದು ಫೋಟೋ ಎಲ್ಲೂ ಇಲ್ಲ. ಪ್ರತಿ ಮಹಾಲಯ ಅಮಾವಾಸ್ಯೆಗೆ ಅದಕ್ಕೆ ವಿಭೂತಿ ಹಚ್ಚಿ, ಎಡೆ ಇಟ್ಟ ಮೇಲೆಯೇ ಗದ್ದೆಮ್ಮನವರು ಉಣ್ಣುವುದು. "ಹುಷಾರ್ರೀ ಮಾಸ್ತರ, ಆ ಮನುಷ್ಯಾ ಅಂತ ನನಗ ಉಳಿದಿದ್ದು ಅದೊಂದ," ಎಂದಿದ್ದರು. ಗಾಜಿನ ವಿಭೂತಿ ಒರೆಸಿ, ಕಟ್ಟು ಬಿಚ್ಚಿ ನಿಮಗೆ ಒಪ್ಪಿಸಿದವನು ನಾನೇ.

ತಮ್ಮವರು ನಲವತ್ತಕ್ಕೂ ಗೋಂದು ಬಳಿದು ಹಲಗೆಗೆ ಮೆತ್ತಿದರು. ಬೆನ್ನಿನ ಹೆಸರುಗಳೂ ಗೋಂದಿನ ಪಾಲಾದವು. ಆಮೇಲೆ ಹೆಸರು ಗೊತ್ತಿಲ್ಲವೆಂದು ಮಾಳಿಂಗರಾಯರ ಕೆಳಗೆ 'ಅಪರಿಚಿತ ಕೂಲಿಕಾರರು' ಎಂದು ಬರೆದರು. ಯಾರಿಗೆ ಅಪರಿಚಿತರು, ಸ್ವಾಮಿ? ಅವರು ತೋಡಿದ ಕಾಲುವೆಯ ನೀರಲ್ಲವೇ ನಿಮ್ಮ ಕಚೇರಿಯ ನಲ್ಲಿಯಲ್ಲಿ ಬರುವುದು?

ಕೇಳಲು ಹೋದರೆ ಗುಮಾಸ್ತರು ನಕ್ಕರು. "ಸ್ಕ್ಯಾನ್ ಮಾಡೀವಲ್ರೀ ಮಾಸ್ತರ, ಫೋನಿಗೆ ಕಳಸ್ತೀನಿ. ಹಳೇ ಕಾಗದ ತಗೊಂಡು ಏನ್ ಮಾಡ್ತೀರಿ?"

ಕಳಿಸಿದರು. ಕಳೆದ ಮಹಾಲಯ ಅಮಾವಾಸ್ಯೆಯ ದಿನ ನನ್ನ ಫೋನನ್ನೇ ಗೋಡೆಗೆ ಆನಿಸಿಟ್ಟೆ. ಗದ್ದೆಮ್ಮನವರು ಮಿಂದು ಬಂದು, ಹೋಳಿಗೆಯ ಎಡೆ ಇಟ್ಟು, ಮೂರು ಬೆರಳಿಗೆ ವಿಭೂತಿ ಹಚ್ಚಿಕೊಂಡು ಗಂಡನ ಹಣೆಗೆ ಎಳೆದರು. ಎಳೆದದ್ದೇ ತಡ, ಚಿತ್ರ ಸರಿದು ಯಾರದೋ ಮದುವೆಯ ಆಮಂತ್ರಣ ಬಂತು.

"ಅಯ್ಯ, ಮುಟ್ಟಿದ್ರ ಹೋಗಿಬಿಟ್ನಲ್ರೀ ಮಾಸ್ತರ," ಎಂದು ಅತ್ತರು. ಅಂದು ಉಣ್ಣಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ. ಇಂದಿಗೂ ಆಗುತ್ತಿಲ್ಲ.

ಫೋಟೋ ಕೀಳಲು ಹೋದರೆ ಹರಿಯುತ್ತದೆ. ಹಲಗೆ ಸಮೇತ ಅಷ್ಟಗಲ ಕೊಯ್ದು ಕೊಡಿ ಎಂದರೆ, ಹಲಗೆ ಸರ್ಕಾರದ ಆಸ್ತಿ, ಮೇಲಿನವರ ಅಪ್ಪಣೆ ಬೇಕು ಎನ್ನುತ್ತೀರಿ. ಆಸ್ತಿಯ ಮೇಲೆ ಎಂಥ ಕಾಳಜಿ! ಆ ಹಲಗೆ ಕಚೇರಿಯ ಹಿಂದೆ ಮಳೆಯಲ್ಲಿ ನೆನೆಯುತ್ತ ನಿಂತಿದೆ. ಮೊನ್ನೆ ಇಣುಕಿ ನೋಡಿದೆ. ಬುಟ್ಟಿ ಹೊತ್ತವರ ಸಾಲಿನಲ್ಲಿ ಮೊದಲ ಇಬ್ಬರು ಆಗಲೇ ಅಳಿಸಿಹೋಗಿದ್ದಾರೆ. ಮಾಳಿಂಗರಾಯರು ಮೂರನೆಯವರು.

ಈ ಸಲದ ಮಹಾಲಯ ಅಮಾವಾಸ್ಯೆಗೆ ಇನ್ನು ಇಪ್ಪತ್ತು ದಿನ. ಬಡಗಿ ಗೌಸ್‌ಸಾಬ್ ಗರಗಸದೊಂದಿಗೆ ಬರಲು ಒಪ್ಪಿದ್ದಾರೆ. ಸರ್ಕಾರಕ್ಕೆ ನಷ್ಟವಾಗುವುದಾದರೆ ಹೊಸ ಹಲಗೆಯನ್ನೇ ತಂದುಕೊಡುತ್ತೇನೆ. ಸೋಮವಾರ ಬೆಳಿಗ್ಗೆ ನಾವಿಬ್ಬರೂ ಬರುತ್ತೇವೆ. ಬಾಗಿಲು ತೆಗೆಸಿಡಿ.

ಇಂತಿ,
ಗದ್ದೆಮ್ಮನವರ ಗೋಡೆಯಿಂದ ಮಾಳಿಂಗರಾಯರನ್ನು ಇಳಿಸಿದ ತಪ್ಪಿಗೆ
ಅವರ ಬಾಗಿಲ ಮುಂದೆ ಹಾಯಲಾಗದೆ ಸುತ್ತುಹಾದಿಯಲ್ಲಿ ಮನೆ ಸೇರುವ
ಲಾಲಪ್ಪ, ನಿವೃತ್ತ ಶಿಕ್ಷಕ, ಮಸ್ಕಿ