ಕಳಿಸದೇ ಉಳಿದ ಮೇಲ್

ಅಪ್ಪನಿಗೆ ನಮಸ್ಕಾರ.

ನಾನೂ ಅಮ್ಮನೂ ಕ್ಷೇಮ. ಒಂದು ತಪ್ಪು ಒಪ್ಪಿಕೊಳ್ಳಬೇಕಿದೆ. ಬೈಕ್ ಅಪಘಾತದಲ್ಲಿ ಅಣ್ಣ ತೀರಿಕೊಂಡ ಮೇಲೆ ನೀವು ದೂರದ ಊರಿನ ಪ್ರಿಂಟಿಂಗ್ ಪ್ರೆಸ್ಸಿಗೆ ಕೆಲಸಕ್ಕೆ ಹೊರಟಾಗ, ನಿಮ್ಮ ಹೊಸ ಫೋನಿಗೆ ಮೇಲ್ ಹಾಕಿಕೊಟ್ಟವಳು ನಾನು. ಮನೆಯ ಕಂಪ್ಯೂಟರಿನಲ್ಲೂ ಅದೇ ಖಾತೆ ತೆರೆದಿರುತ್ತದೆ ಎಂದು ಹೇಳಲಿಲ್ಲ. ನೀವು ಅಲ್ಲಿ ಬರೆದದ್ದು, ಕಳಿಸದಿದ್ದರೂ, ಇಲ್ಲಿ ಕಾಣುತ್ತದೆ. ಅಲ್ಲಿ ಅಳಿಸಿದರೆ ಇಲ್ಲೂ ಹೋಗಿಬಿಡುತ್ತದೆ.

ಭಾನುವಾರ ಬೆಳಿಗ್ಗೆ ನಿಮ್ಮ ಖಾತೆಗೆ ಬಂದಿದ್ದ ನನ್ನ ಅಂಕಪಟ್ಟಿ ಹುಡುಕುತ್ತಿದ್ದಾಗ, ಅಮ್ಮನಿಗೆಂದು ನೀವು ಬರೆದಿಟ್ಟ ಮೇಲ್ ಕಂಡಿತು. ಅಮ್ಮನನ್ನು ಕರೆದೆ. “ಅವತ್ತು ಬೈಕಿನ ಕೀ ಮಗನ ಕೈಗೆ ಕೊಟ್ಟವನು ನಾನೇ. ನಿನಗೆ ಮುಖ ತೋರಿಸುವ ಧೈರ್ಯವಿಲ್ಲ” ಎಂಬಲ್ಲಿಯವರೆಗೆ ಅವಳು ಓದುವಷ್ಟರಲ್ಲಿ ಇಡೀ ಮೇಲ್ ಮಾಯವಾಯಿತು. ನೀವು ಅಲ್ಲಿ ಅಳಿಸಿದ್ದಿರಿ.

ಅಮ್ಮನನ್ನು, ನಿಮ್ಮ ಖಾತೆಯನ್ನು ಇಲ್ಲಿಂದ ತೆಗೆದುಬಿಡಲೇ ಎಂದು ಕೇಳಿದೆ.

“ಬೇಡ, ಇರಲಿ ಬಿಡು,” ಅಂದಳು. ಆಮೇಲೆ ಮೆಲ್ಲಗೆ, “ನಿಮ್ಮಪ್ಪನಿಗೆ ಬರಿ. ಅವತ್ತು ನಡ್ಕೊಂಡು ಹೋಗ್ತೀನಿ ಅಂದ ನಿಮ್ಮಣ್ಣನಿಗೆ, ಹೊತ್ತಾಯ್ತು, ಬೈಕಲ್ಲೇ ಹೋಗು ಅಂದಿದ್ದು ನಾನು. ಇಷ್ಟು ದಿನ ನಾನೂ ಬಾಯಿಬಿಡ್ಲಿಲ್ಲ.”

ರಜೆ ಸಿಕ್ಕರೆ ಈ ಶನಿವಾರ ಬನ್ನಿ. ಯಾವ ಬಸ್ಸೆಂದು ಮೊದಲೇ ತಿಳಿಸಿ. ನಿಲ್ದಾಣಕ್ಕೆ ಅಮ್ಮನೂ ಬರುತ್ತಾಳಂತೆ.

ನಿಮ್ಮ ಮಗಳು,
ಪುಟ್ಟಿ